ಏರು-ಇಳಿಜಾರಿನ ತೋಟಕ್ಕೆ ಮಿನಿ ಟ್ರ್ಯಾಕ್ಟರ್: ಸ್ಲೈಡಿಂಗ್ ಮೆಶ್, ಕಾನ್‌ಸ್ಟಂಟ್ ಮೆಶ್, ಶಟಲ್, ಎಚ್‌ಎಸ್‌ಟಿ – ಯಾವ ಗೇರ್‌ಬಾಕ್ಸ್ ತಗೊಳ್ಳೋದು?

ಆಲೂರು_ಶುಂಠಿಹೊಲ

ಎಲ್ಲರಿಗೂ ನಮಸ್ಕಾರ. 24ರಿಂದ 28 ಎಚ್‌ಪಿ ಒಳಗೆ ಫೋರ್ ವೀಲ್ ಡ್ರೈವ್ ಮಿನಿ ಟ್ರ್ಯಾಕ್ಟರ್ ತಗೊಳ್ಳಬೇಕು. ಜಮೀನು ಆಲೂರಿಂದ ಸಕಲೇಶಪುರದ ಕಡೆಗೆ. 3 ಎಕರೆ ಬಯಲು ಹೊಲ (ಒಂದು ವರ್ಷ ಶುಂಠಿ, ಆಮೇಲೆ ಮುಸುಕಿನ ಜೋಳ), 5 ಎಕರೆ ರೊಬಸ್ಟಾ ಕಾಫಿ, 1 ಎಕರೆ ಅಡಿಕೆ. ತೋಟದ ರಸ್ತೆ ಪೂರಾ ಮಣ್ಣಿಂದು. ಕಡಿದಾದ ಜಾಗದಲ್ಲಿ 10 ಅಡಿಗೆ ಒಂದೂವರೆ ಅಡಿ ಏರು ಇದೆ.

ಕೆಲಸ: 4 ಅಡಿ ರೋಟವೇಟರ್, ಔಷಧಿ ಸಿಂಪರಣೆ, ಕಳೆ ಹೊಡೆಯೋ ಸ್ಲಾಷರ್, ಗೊಬ್ಬರ-ಸೌದೆ-ಕಾಫಿ ಮೂಟೆ ಸಾಗಿಸೋಕೆ ಒಂದೂವರೆ ಟನ್ ಟ್ರೇಲರ್.

ಹಾಸನದ ಶೋರೂಮುಗಳಲ್ಲಿ ಒಬ್ಬರು 8+4 (ಮುಂದಕ್ಕೆ 8, ಹಿಂದಕ್ಕೆ 4 ಗೇರ್) ಅಂತಾರೆ, ಇನ್ನೊಬ್ಬರು 9+3, ಮತ್ತೊಬ್ಬರು 12+12 ಶಟಲ್. ಗೇರ್ ಜಾಸ್ತಿ ಇದ್ದಷ್ಟೂ ಒಳ್ಳೇದಾ? ವಿಡಿಯೋಗಳಲ್ಲಿ ಹೈಡ್ರೋಸ್ಟ್ಯಾಟಿಕ್ (ಎಚ್‌ಎಸ್‌ಟಿ) ಗಾಡಿ ನೋಡಿದರೆ ಕ್ಲಚ್ಚೇ ಇಲ್ಲದೆ ಕಾಲಲ್ಲೇ ಹಿಂದೆ-ಮುಂದೆ ಓಡಿಸ್ತಾರೆ. ಅದು ನಮ್ಮ ಕಡೆಗೆ ಹೊಂದುತ್ತಾ?

ಕಡೂರು_ತೆಂಗು

ಬಯಲುಸೀಮೆ ತೆಂಗಿನ ತೋಟಕ್ಕಾದರೆ ಸಾದಾ ಸ್ಲೈಡಿಂಗ್ ಮೆಶ್ ಸಾಕು ಅಂತ ಕಣ್ಣು ಮುಚ್ಚಿ ಹೇಳಬಹುದು. ಬೆಲೆ ಕಮ್ಮಿ, ಯಾವ ಮೆಕ್ಯಾನಿಕ್ ಬೇಕಾದರೂ ಬಿಚ್ಚುತ್ತಾನೆ, ಬಿಡಿಭಾಗ ತಾಲ್ಲೂಕಲ್ಲೇ ಸಿಗುತ್ತೆ. ಬೆಳಿಗ್ಗೆ ಒಂದು ಗೇರ್ ಹಾಕಿದರೆ ಮಧ್ಯಾಹ್ನದವರೆಗೆ ಅದೇ ಗೇರಲ್ಲಿ ಉಳೋ ಕೆಲಸಕ್ಕೆ ಸಿಂಕ್ರೋ, ಶಟಲ್ ಅಂತ ದುಡ್ಡು ಹಾಕೋದು ಯಾಕೆ? ನಿಮ್ಮದು ಇಳಿಜಾರು ಅಂದ್ರಲ್ಲ, ಅಲ್ಲಿ ಮಾತ್ರ ಲೆಕ್ಕ ಬೇರೆ ಆಗಬಹುದು. ಅದನ್ನ ಮಲೆನಾಡಿನವರೇ ಹೇಳಲಿ.

ಟಾಪ್‌ಗೇರ್_ಹಾಸನ

ಮೊದಲು ಗೇರ್ ಸಂಖ್ಯೆ ವಿಷಯ ಮುಗಿಸೋಣ. ಕ್ಯಾಟಲಾಗಿನ 8, 9, 12 ನೋಡಿ ತೀರ್ಮಾನ ಮಾಡಬೇಡಿ. ನೋಡಬೇಕಾದ್ದು ಗಂಟೆಗೆ ಒಂದೂವರೆಯಿಂದ 6 ಕಿ.ಮೀ. ನಡುವೆ ಎಷ್ಟು ಗೇರ್ ಬೀಳುತ್ತೆ ಅನ್ನೋದನ್ನ. ನಿಮ್ಮ ಹೊಲದ ಕೆಲಸ ಎಲ್ಲಾ ಇರೋದು ಅಷ್ಟರೊಳಗೇ. ರೋಟವೇಟರ್ 2ರಿಂದ 3, ಸಿಂಪರಣೆ 2ರಿಂದ 4, ಕಲ್ಟಿವೇಟರ್ 4ರಿಂದ 6. 12 ಗೇರ್ ಗಾಡಿಯಲ್ಲಿ 4 ಕ್ರೀಪರ್ (ತೀರಾ ನಿಧಾನದ ಗೇರ್), 4 ರಸ್ತೆ ಗೇರ್ ಆದರೆ ಹೊಲಕ್ಕೆ ಉಳಿಯೋದು 4. ಸರಿಯಾಗಿ ಹಂಚಿದ 8 ಗೇರ್ ಗಾಡಿಯಲ್ಲೂ ಅಷ್ಟೇ ಸಿಗುತ್ತೆ.

ಇದನ್ನ ಡೀಲರ್ ಬಾಯಲ್ಲಿ ಕೇಳೋದಕ್ಕಿಂತ ಟೆಸ್ಟ್ ರಿಪೋರ್ಟಲ್ಲಿ ನೋಡಿ. ಮಧ್ಯಪ್ರದೇಶದ ಬುಧ್ನಿಯಲ್ಲಿ ಕೇಂದ್ರ ಸರ್ಕಾರದ ಟ್ರ್ಯಾಕ್ಟರ್ ಪರೀಕ್ಷಾ ಸಂಸ್ಥೆ ಇದೆ. ಅವರ ವರದಿಯಲ್ಲಿ ಪ್ರತಿ ಗೇರಿನ ವೇಗ, ಪಿಟಿಒ (ರೋಟವೇಟರ್, ಪಂಪ್ ತಿರುಗಿಸೋ ಹಿಂದಿನ ಶಾಫ್ಟ್) ಶಕ್ತಿ, ಎಳೆಯೋ ಶಕ್ತಿ ಎಲ್ಲಾ ಅಂಕಿಯಲ್ಲಿ ಇರುತ್ತೆ. ನಿಮ್ಮ ಮಾಡೆಲ್‌ದು ಕೊಡಿ ಅಂತ ಡೀಲರನ್ನೇ ಕೇಳಿ.

ಡೆಮೊ ಗಾಡಿ ಬಂದಾಗ ಹೊಲದಲ್ಲೇ ಅಳೆಯಬಹುದು. ಟೇಪ್ ಹಿಡಿದು 30 ಮೀಟರ್‌ಗೆ ಎರಡು ಕಡ್ಡಿ ನೆಡಿ. ಆಕ್ಸಿಲರೇಟರನ್ನ ಮೀಟರಿನಲ್ಲಿ ಪಿಟಿಒ 540 ಅಂತ ಗುರುತಿರೋ ಆರ್‌ಪಿಎಂಗೆ ನಿಲ್ಲಿಸಿ. ಅತಿ ಕೆಳಗಿನ ಗೇರಲ್ಲಿ ಓಡಿಸಿ ಸೆಕೆಂಡ್ ಎಣಿಸಿ. 108ನ್ನ ಆ ಸೆಕೆಂಡಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿ.ಮೀ. ಅಂತ ಬರುತ್ತೆ. 54 ಸೆಕೆಂಡ್ ಆದರೆ 2 ಕಿ.ಮೀ., 36 ಆದರೆ 3. ಪಿಟಿಒ ಪೂರ್ತಿ ವೇಗದಲ್ಲಿ ಇರುವಾಗ 2 ಕಿ.ಮೀ.ಗೆ ಹತ್ತಿರದ ಗೇರ್ ಇಲ್ಲ ಅಂದರೆ ಆ ಗಾಡಿ ಶುಂಠಿಗೆ ಬೇಡ. ಶುಂಠಿಗೆ ಮಣ್ಣು ಪುಡಿಯಾಗಬೇಕು. ಗಾಡಿ ವೇಗವಾಗಿ ಓಡಿದರೆ ಹೆಂಟೆ ಹಾಗೇ ಉಳಿಯುತ್ತೆ. ಡ್ರೈವರ್ ಆಕ್ಸಿಲರೇಟರ್ ಇಳಿಸಿ ನಿಧಾನ ಮಾಡಿದರೆ ರೋಟವೇಟರ್ ಬ್ಲೇಡಿನ ವೇಗಾನೂ ಇಳಿಯುತ್ತೆ. ಮಣ್ಣು ಅಷ್ಟೇ ದಪ್ಪ ಬರುತ್ತೆ, ಡೀಸೆಲ್ ಮಾತ್ರ ಸುಡುತ್ತೆ.

ಇನ್ನು ಗೇರ್‌ಬಾಕ್ಸಿನ ಬಗೆ.

ಸ್ಲೈಡಿಂಗ್ ಮೆಶ್‌ನಲ್ಲಿ ಹಲ್ಲಿನ ಚಕ್ರವೇ ಶಾಫ್ಟ್ ಮೇಲೆ ಜಾರಿ ಇನ್ನೊಂದಕ್ಕೆ ಕಚ್ಚಿಕೊಳ್ಳುತ್ತೆ. ಗಾಡಿ ಪೂರ್ತಿ ನಿಲ್ಲದೆ ಗೇರ್ ಹಾಕಿದರೆ ಹಲ್ಲಿನ ತುದಿ ತುದಿ ಬಡಿದು ಸವೆಯುತ್ತೆ. ಕರಕರ ಸದ್ದು ಅದೇ.

ಕಾನ್‌ಸ್ಟಂಟ್ ಮೆಶ್‌ನಲ್ಲಿ ಚಕ್ರಗಳು ಯಾವಾಗಲೂ ಕಚ್ಚಿಕೊಂಡೇ ಇರುತ್ತವೆ, ನಡುವಿನ ಕಾಲರ್ ಜಾರಿ ಬೇಕಾದ ಚಕ್ರವನ್ನ ಶಾಫ್ಟಿಗೆ ಕಟ್ಟುತ್ತೆ. ಪೆಟ್ಟು ಬಿದ್ದರೂ ಕಾಲರಿನ ಹಲ್ಲಿಗೆ ಬೀಳುತ್ತೆ, ಮುಖ್ಯ ಚಕ್ರ ಉಳಿಯುತ್ತೆ.

ಸಿಂಕ್ರೋಮೆಶ್ ಅಂದರೆ ಇದಕ್ಕೇ ಒಂದು ಕೋನ್ ರಿಂಗ್ ಸೇರಿಸಿದ್ದು. ರಿಂಗ್ ಮೊದಲು ಉಜ್ಜಿ ಎರಡರ ವೇಗ ಸಮ ಮಾಡುತ್ತೆ, ಆಮೇಲೆ ಕಾಲರ್ ಕೂರುತ್ತೆ.

ಶಟಲ್ ಅಂದರೆ ಹಿಂದೆ-ಮುಂದೆಗೆ ಬೇರೆಯೇ ಲಿವರ್. ಮೂರನೇ ಗೇರಲ್ಲಿ ಮುಂದೆ ಹೋಗಿ, ಅದೇ ಮೂರರಲ್ಲಿ ಹಿಂದೆ ಬರಬಹುದು. 12+12, 8+8 ಅಂತ ಎರಡೂ ಕಡೆ ಸಮ ಸಂಖ್ಯೆ ಬರೋದು ಅದಕ್ಕೇ. ಮಹೀಂದ್ರ 2023ರ ಆಗಸ್ಟಲ್ಲಿ ತಂದ ಓಜಾ ಸಾಲಿನಲ್ಲಿ 12+12 ಶಟಲ್ ಇದೆ. ಜಾನ್ ಡಿಯರ್ 3028ಇಎನ್ 8+8. ಕುಬೋಟ ಬಿ2441 ಅಂದರೆ 9+3, ಮಹೀಂದ್ರ ಜೀವೋ 245 ಅಂದರೆ 8+4. ಈ ಎರಡರಲ್ಲಿ ಶಟಲ್ ಇಲ್ಲ.

ನಿಮ್ಮ ಕೆಲಸಕ್ಕೆ ನನ್ನ ಮಾತು: ಕಾನ್‌ಸ್ಟಂಟ್ ಮೆಶ್, ಸಿಂಕ್ರೋ ಶಟಲ್, ಜೊತೆಗೆ ಡಬಲ್ ಕ್ಲಚ್ ಅಥವಾ ಇಂಡಿಪೆಂಡೆಂಟ್ ಪಿಟಿಒ (ಕ್ಲಚ್ ಒತ್ತಿದರೂ ನಿಲ್ಲದ, ಬೇರೆ ಸ್ವಿಚ್ಚೋ ಲಿವರೋ ಇರೋ ಪಿಟಿಒ). ಇವುಗಳಲ್ಲಿ ಒಂದನ್ನ ಬಿಡಲೇಬೇಕು ಅಂದರೆ ಶಟಲ್ ಬಿಡಿ, ಪಿಟಿಒ ಬಿಡಬೇಡಿ.

ಕೊಪ್ಪ_ಅಡಿಕೆ

ಟಾಪ್‌ಗೇರ್ ಸರ್, ಪಿಟಿಒ ಬಿಡಬೇಡಿ ಅಂದ್ರಲ್ಲ, ಅದನ್ನ ಸ್ವಲ್ಪ ಬಿಡಿಸಿ ಹೇಳಿ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯೋದು ಗಾಡಿ ಒಂದು ಕಡೆ ನಿಲ್ಲಿಸಿ, ಎಚ್‌ಟಿಪಿ (ಜೋರು ಒತ್ತಡದ ಸಿಂಪರಣೆ) ಪಂಪಿಗೆ ಪೈಪ್ ಎಳೆದುಕೊಂಡು. ಅದಕ್ಕೆ ಸಿಂಗಲ್ ಕ್ಲಚ್ ಆದರೆ ತೊಂದರೆ ಏನು?

ಟಾಪ್‌ಗೇರ್_ಹಾಸನ

ಗಾಡಿ ನಿಂತಲ್ಲೇ ನಿಂತು ಪಂಪ್ ಓಡಿಸೋಕೆ ಸಿಂಗಲ್ ಕ್ಲಚ್ ಧಾರಾಳ ಸಾಕು. ಗೇರ್ ನ್ಯೂಟ್ರಲ್, ಪಿಟಿಒ ಹಾಕಿ, ಕ್ಲಚ್ ಬಿಡಿ. ತೊಂದರೆ ಬರೋದು ಗಾಡಿ ಚಲಿಸ್ತಾ ಪಿಟಿಒ ಕೆಲಸ ಮಾಡುವಾಗ.

ಸಿಂಗಲ್ ಕ್ಲಚ್‌ನಲ್ಲಿ ಪೆಡಲ್ ಒತ್ತಿದರೆ ಚಕ್ರ, ಪಿಟಿಒ ಎರಡೂ ಒಟ್ಟಿಗೆ ಕಡಿತ. ರೋಟವೇಟರ್ ಹೊಡೆಯುವಾಗ ಬೇರು ಸಿಕ್ಕಿ ಗಾಡಿ ಮುಕ್ಕಿದರೆ ನೀವು ಕ್ಲಚ್ ಒತ್ತುತ್ತೀರಿ, ಬ್ಲೇಡ್ ಅಲ್ಲೇ ಮಣ್ಣಲ್ಲಿ ನಿಲ್ಲುತ್ತೆ. ಮತ್ತೆ ಕ್ಲಚ್ ಬಿಟ್ಟಾಗ ಗಾಡಿಯನ್ನೂ ಎಳೀಬೇಕು, ಹೂತ ಬ್ಲೇಡನ್ನೂ ತಿರುಗಿಸಬೇಕು. ಎರಡೂ ಭಾರ ಒಂದೇ ಕ್ಲಚ್ ಪ್ಲೇಟಿನ ಮೇಲೆ. ಡಬಲ್ ಕ್ಲಚ್‌ನಲ್ಲಿ ಪೆಡಲ್ ಅರ್ಧ ಒತ್ತಿದರೆ ಗಾಡಿ ನಿಲ್ಲುತ್ತೆ, ಪಿಟಿಒ ತಿರುಗ್ತಾ ಇರುತ್ತೆ. ಪೂರ್ತಿ ಒತ್ತಿದರೆ ಪಿಟಿಒನೂ ನಿಲ್ಲುತ್ತೆ. ಅರ್ಧ ಒತ್ತಿ ನಿಲ್ಲಿಸಿ, ಬ್ಲೇಡ್ ಮಣ್ಣನ್ನ ಬಿಡಿಸಿಕೊಳ್ಳಲಿ, ಆಮೇಲೆ ಮುಂದೆ ಹೋಗಿ. ಅಡಿಕೆ ತೋಟದಲ್ಲಿ ಬಸಿಗಾಲುವೆಗೆ ಪಿಟಿಒ ಟ್ರೆಂಚರ್ ಹಾಕಿದರಂತೂ ಇದು ಇಲ್ಲದೆ ಆಗೋದೇ ಇಲ್ಲ, ಕ್ರೀಪರ್ ಗೇರೂ ಬೇಕು.

ಇನ್ನೊಂದು ಅಪಾಯ ಸ್ಲಾಷರ್‌ದು. ಭಾರದ ಬ್ಲೇಡ್ ತಿರುಗ್ತಿರುವಾಗ ನೀವು ಕ್ಲಚ್ ಒತ್ತಿದರೆ ಎಂಜಿನ್ ಬೇರೆ ಆಯಿತು ನಿಜ. ಆದರೆ ಬ್ಲೇಡ್ ತನ್ನ ಓಟದಲ್ಲೇ ಪಿಟಿಒ ಶಾಫ್ಟನ್ನ ಹಿಂದಿನಿಂದ ತಿರುಗಿಸುತ್ತೆ. ಪಿಟಿಒ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿಂದ ಹೊರಟ ಗಾಡಿಯಲ್ಲಿ ಆ ಶಕ್ತಿ ಚಕ್ರಕ್ಕೆ ಹೋಗಿ ಗಾಡಿ ಮುಂದಕ್ಕೆ ತಳ್ಳಿಸಿಕೊಳ್ಳುತ್ತೆ. ಕ್ಲಚ್ ಒತ್ತಿದ್ದೀನಿ, ಆದರೂ ಗಾಡಿ ನಿಲ್ತಿಲ್ಲ ಅಂತ ಗಾಬರಿಯಾಗೋದು ಇಲ್ಲೇ. ಧರೆ ಅಂಚಲ್ಲಿ ಇದು ಜೀವಕ್ಕೆ ಕುತ್ತು. ಅಂಥ ಗಾಡಿ ಇದ್ದವರು ಪಿಟಿಒ ಶಾಫ್ಟಿಗೆ ಓವರ್‌ರನ್ನಿಂಗ್ ಕಪ್ಲರ್ ಹಾಕಿಸಲೇಬೇಕು. ಅದು ಒಂದೇ ದಿಕ್ಕಲ್ಲಿ ಶಕ್ತಿ ದಾಟಿಸುತ್ತೆ, ಬ್ಲೇಡ್ ತಿರುಗಿಸಿದರೆ ಬಿಟ್ಟುಕೊಡುತ್ತೆ. ಕಪ್ಲರ್ ಹಾಕಿದ ಮೇಲೆ ಶಾಫ್ಟ್ ಉದ್ದ ಜಾಸ್ತಿ ಆಗುತ್ತೆ. ಲಿಫ್ಟ್ ಎತ್ತಿ ಇಳಿಸಿ ಶಾಫ್ಟ್ ಒಳಗೆ ಕೊನೆ ಮುಟ್ಟುತ್ತಾ ನೋಡಿ, ಮುಟ್ಟಿದರೆ ಕತ್ತರಿಸಿ ಸರಿ ಮಾಡಬೇಕು.

ಮೂಡಿಗೆರೆ_ತೋಟ

ಎಚ್‌ಎಸ್‌ಟಿ ಬಗ್ಗೆ ಯಾರೂ ಮಾತಾಡ್ತಿಲ್ಲ. ತೋಟದಲ್ಲಿ ಉಳುಮೆ ಎಷ್ಟು ಇರುತ್ತೆ? ರೊಬಸ್ಟಾ 10 ಅಡಿ ಅಂತರದಲ್ಲಿ ನೆಟ್ಟರೂ ರೆಕ್ಕೆ ಬಿಟ್ಟ ಮೇಲೆ ಸಾಲಿನೊಳಗೆ ಗಾಡಿ ನುಗ್ಗಲ್ಲ. ಗಾಡಿ ಓಡೋದು ರಸ್ತೆ, ಕಣ, ಗೊಬ್ಬರದ ಗುಂಡಿ, ಲೈನ್ ಮನೆ ಕಡೆ. ಹತ್ತು ಹೆಜ್ಜೆ ಮುಂದೆ, ಹತ್ತು ಹೆಜ್ಜೆ ಹಿಂದೆ. ಇಂಥ ಕೆಲಸಕ್ಕೆ ಎಚ್‌ಎಸ್‌ಟಿ ಬಿಟ್ಟು ಬೇರೆ ಯಾವುದೂ ಸಮ ಅಲ್ಲ. ಮುಂದೆ ಬಕೆಟ್ ಹಾಕಿ ಕಣದಲ್ಲಿ ಮಣ್ಣು ಸರಿ ಮಾಡೋಕಂತೂ ಹೇಳೋದೇ ಬೇಡ. ಕ್ಲಚ್ ಪ್ಲೇಟ್ ಸುಡೋ ಮಾತೇ ಇಲ್ಲ. ಏರಲ್ಲಿ ನಿಂತು ಮತ್ತೆ ಹೊರಡುವಾಗ ಕ್ಲಚ್ ಜೋರಾಗಿ ಬಿಟ್ಟು ಮೂತಿ ಎದ್ದೇಳೋ ಭಯವೂ ಇಲ್ಲ.

ಟಾಪ್‌ಗೇರ್_ಹಾಸನ

ಮೂಡಿಗೆರೆಯವರ ಮಾತು ಆ ಕೆಲಸದ ಮಟ್ಟಿಗೆ ನೂರಕ್ಕೆ ನೂರು ಸರಿ. ಲೋಡರ್ ಕೆಲಸಕ್ಕೆ ಎಚ್‌ಎಸ್‌ಟಿಯೇ ರಾಜ. ಆದರೆ ಪ್ರಶ್ನೆ ಕೇಳಿದವರ ಪಟ್ಟಿಯಲ್ಲಿ ರೋಟವೇಟರೂ ಟ್ರೇಲರೂ ಮುಂದೆ ಇವೆ, ಲೋಡರ್ ಇಲ್ಲ.

ಒಳಗೆ ಏನಾಗುತ್ತೆ ಅಂತ ತಿಳಿದರೆ ಆಯ್ಕೆ ಸುಲಭ. ಎಂಜಿನ್ ಒಂದು ಪಿಸ್ಟನ್ ಪಂಪನ್ನ ತಿರುಗಿಸುತ್ತೆ. ಪಂಪು ಆಯಿಲನ್ನ ಒತ್ತಡದಲ್ಲಿ ಒಂದು ಮೋಟರಿಗೆ ಕಳಿಸುತ್ತೆ, ಮೋಟರ್ ಚಕ್ರ ತಿರುಗಿಸುತ್ತೆ. ಪಂಪಿನೊಳಗೆ ಸ್ವಾಶ್ ಪ್ಲೇಟ್ ಅಂತ ಒಂದು ಓರೆ ತಟ್ಟೆ. ನೀವು ಕಾಲಲ್ಲಿ ಪೆಡಲ್ ಒತ್ತಿದಷ್ಟೂ ಅದು ವಾಲುತ್ತೆ, ಆಯಿಲ್ ಹೆಚ್ಚು ಹರಿಯುತ್ತೆ, ಗಾಡಿ ವೇಗ ಆಗುತ್ತೆ. ತಟ್ಟೆ ಆ ಕಡೆ ವಾಲಿದರೆ ರಿವರ್ಸ್. ನಮ್ಮ ಕಡೆ ಭತ್ತ ಕೊಯ್ಯೋಕೆ ಬರುವ ಟ್ರ್ಯಾಕ್ ಹಾರ್ವೆಸ್ಟರುಗಳಲ್ಲಿ ಲಿವರ್ ಮುಂದೆ ತಳ್ಳಿದಷ್ಟೂ ಗಾಡಿ ಮುಂದೆ, ಹಿಂದೆ ಎಳೆದರೆ ಹಿಂದೆ ಬರೋದು ಇದೇ ತತ್ವದಲ್ಲಿ.

ಎಂಜಿನ್ ಶಕ್ತಿ ಆಯಿಲ್ ಮೂಲಕ ದಾಟುವಾಗ ಒಂದಷ್ಟು ಶಾಖವಾಗಿ ಹೋಗುತ್ತೆ. ಅಮೆರಿಕದಲ್ಲಿ ಮಾರಿದ ಕುಬೋಟ ಎಲ್2501 ಅನ್ನೋ ಗಾಡಿ ಒಂದೇ ಎಂಜಿನ್ನಿಗೆ ಎರಡು ಗೇರ್‌ಬಾಕ್ಸಲ್ಲಿ ಬಂದಿದೆ. ಗೇರ್ ಗಾಡಿಯಲ್ಲಿ ಪಿಟಿಒಗೆ 20.5 ಎಚ್‌ಪಿ, ಎಚ್‌ಎಸ್‌ಟಿಯಲ್ಲಿ 19. ಇದು ಪಿಟಿಒ ಲೆಕ್ಕ ಮಾತ್ರ. ಪಿಟಿಒಗೆ ಶಕ್ತಿ ಹೋಗೋದು ಗೇರಲ್ಲೇ, ಆಯಿಲ್ ಮೂಲಕ ಅಲ್ಲ. ಚಕ್ರದಲ್ಲಿ ಎಳೆಯೋ ಶಕ್ತಿಯ ನಷ್ಟ ಇನ್ನೂ ಜಾಸ್ತಿ. ಇಡೀ ದಿನ ನೇಗಿಲು ಎಳೆದರೆ ಆಯಿಲ್ ಕಾಯುತ್ತೆ, ತೆಳ್ಳಗಾಗುತ್ತೆ, ಪಂಪಿನೊಳಗಿನ ಸೋರಿಕೆ ಹೆಚ್ಚುತ್ತೆ, ಎಳೆತ ಇನ್ನೂ ಇಳಿಯುತ್ತೆ.

ಎಚ್‌ಎಸ್‌ಟಿ ಓಡಿಸೋಕೆ ಕೂತವರು ಸಾಮಾನ್ಯವಾಗಿ ತಪ್ಪೋದು ಏರಿನಲ್ಲಿ. ಗಾಡಿ ಮುಕ್ಕಿದಾಗ ಪೆಡಲ್ ಇನ್ನೂ ಒತ್ತುತ್ತಾರೆ. ಒತ್ತಿದಷ್ಟೂ ಮೇಲಿನ ಗೇರ್ ಹಾಕಿದ ಹಾಗೆ ಆಗುತ್ತೆ, ರಿಲೀಫ್ ವಾಲ್ವ್ ತೆರೆದು ಕಿರ್ ಅಂತ ಸದ್ದು, ಗಾಡಿ ನಿಂತಲ್ಲೇ ನಿಂತು ಆಯಿಲ್ ಕಾಯುತ್ತೆ. ಮಾಡಬೇಕಾದ್ದು ಉಲ್ಟಾ. ಪೆಡಲ್ ಸಡಿಲ ಬಿಡಿ, ಎಳೆತ ತಾನೇ ಹೆಚ್ಚುತ್ತೆ. ಏರು ಶುರುವಾಗೋ ಮುಂಚೆಯೇ ಲೋ ರೇಂಜ್‌ಗೆ ಹಾಕಿರಬೇಕು. ಇಳಿಜಾರಿನ ನಡುವೆ ರೇಂಜ್ ಲಿವರ್ ಮುಟ್ಟಲೇಬಾರದು. ಅದು ನ್ಯೂಟ್ರಲಿಗೆ ಬಂದ ಕ್ಷಣ ಪಂಪಿಗೂ ಚಕ್ರಕ್ಕೂ ಸಂಬಂಧ ಕಡಿದು ಗಾಡಿ ಸುಮ್ಮನೆ ಉರುಳುತ್ತೆ. ಎಂಜಿನ್ ಆಫ್ ಮಾಡಿ ಪಾರ್ಕಿಂಗ್ ಬ್ರೇಕ್ ಹಾಕದೆ ಬಿಟ್ಟರೆ ಆಯಿಲ್ ಒಳಗೇ ನುಸುಳಿ ಗಾಡಿ ಮೆಲ್ಲಗೆ ಜಾರುತ್ತೆ. ಎಂಜಿನ್ ಆಫ್ ಆದ ಗೇರ್ ಗಾಡಿಯನ್ನ ಲೋ ಗೇರಲ್ಲಿ ಹಾಕಿ ಬಿಟ್ಟರೆ ಒಂದು ಹಿಡಿತ ಇರುತ್ತೆ, ಇಲ್ಲಿ ಅದನ್ನ ನಂಬಬಾರದು. ಬ್ಯಾಟರಿ ಸತ್ತರೆ ತಳ್ಳಿ ಸ್ಟಾರ್ಟ್ ಮಾಡೋಕೂ ಆಗಲ್ಲ.

ಇಷ್ಟೆಲ್ಲ ಇದ್ದೂ ಲೋಡರ್ ಕೆಲಸವೇ ಹೆಚ್ಚು ಇದ್ದವರಿಗೆ ಎಚ್‌ಎಸ್‌ಟಿ ಬೇಡ ಅನ್ನಲ್ಲ. ನಮ್ಮ ಶೋರೂಮುಗಳಲ್ಲಿ ಈ ಎಚ್‌ಪಿಯಲ್ಲಿ ನಿಂತಿರೋದು ಬಹುಮಟ್ಟಿಗೆ ಗೇರ್ ಗಾಡಿಗಳೇ. ಪಂಪ್ ಕೆಟ್ಟರೆ ಬಿಚ್ಚಿ ಕೂಡಿಸೋಕೆ ಧೂಳಿಲ್ಲದ ಜಾಗ, ಪ್ರೆಶರ್ ಗೇಜ್, ತಿಳಿದ ಕೈ ಬೇಕು. ಆ ಸರ್ವೀಸ್ ಹತ್ತಿರದಲ್ಲಿ ಸಿಗುತ್ತೆ ಅಂತ ಬರವಣಿಗೆಯಲ್ಲಿ ಖಾತ್ರಿ ಆದ ಮೇಲೆ ಮಾತ್ರ ಹೆಜ್ಜೆ ಇಡಿ.

ಮೂಡಿಗೆರೆ_ತೋಟ

ಸರ್ವೀಸ್ ಮಾತು ಒಪ್ಪಿದೆ. ಲೋಡರ್ ಇಲ್ಲದವರಿಗೆ ಸಿಂಕ್ರೋ ಶಟಲ್ ಸಾಕು.

ಘಾಟಿ_ಸಕಲೇಶಪುರ

ಎಲ್ಲರೂ ಗೇರ್‌ಬಾಕ್ಸ್ ಮಾತಾಡ್ತಿದ್ದೀರಿ. 10 ಅಡಿಗೆ ಒಂದೂವರೆ ಅಡಿ ಏರು, ಮಣ್ಣು ರಸ್ತೆ, ಒಂದೂವರೆ ಟನ್. ಈ ಲೆಕ್ಕ ಮಾಡಿ ನೋಡಿ, ಗಾಡಿ ಸೋಲೋದು ಗೇರಲ್ಲಲ್ಲ, ಟೈರಲ್ಲಿ.

ಗಾಡಿ 900 ಕೆ.ಜಿ., ಖಾಲಿ ಟ್ರೇಲರ್ 500, ಮಾಲು 1500. ಒಟ್ಟು 2900. ಶೇ. 15ರ ಏರಲ್ಲಿ ಹಿಂದಕ್ಕೆ ಎಳೆಯೋ ಭಾರ ಸುಮಾರು 430 ಕೆ.ಜಿ. ಹಸಿ ಮಣ್ಣಲ್ಲಿ ಚಕ್ರ ಉರುಳೋಕೆ ಇನ್ನೊಂದು 200 ಸೇರಿಸಿ. ಬೇಕಾದ್ದು 630 ಕೆ.ಜಿ. ಎಳೆತ. ಗಂಟೆಗೆ 4 ಕಿ.ಮೀ.ನಲ್ಲಿ ಇದಕ್ಕೆ ಬೇಕಾಗೋ ಶಕ್ತಿ 9ರಿಂದ 10 ಎಚ್‌ಪಿ ಅಷ್ಟೇ. 24 ಎಚ್‌ಪಿ ಎಂಜಿನ್ನಿಗೆ ಲೆಕ್ಕಕ್ಕಿಲ್ಲ. ಆದರೆ ನೆಲದ ಹಿಡಿತ ನೋಡಿ. ಟ್ರೇಲರ್ ಮೂತಿ ಹಿಚ್ ಮೇಲೆ 300 ಕೆ.ಜಿ. ಹೊರಿಸಿದರೆ ನಾಲ್ಕು ಚಕ್ರದ ಮೇಲೆ 1200 ಕೆ.ಜಿ. ಮಳೆ ಬಿದ್ದ ಕೆಂಪು ಮಣ್ಣಲ್ಲಿ ಹಿಡಿತ ಅದರ ಶೇ. 40 ಅಂತ ಇಟ್ಟುಕೊಂಡರೆ 480. ಬೇಕಾದ್ದು 630, ಸಿಗೋದು 480. ಚಕ್ರ ತಿರುಗ್ತಾ ಗುಂಡಿ ತೋಡುತ್ತೆ. ಇದಕ್ಕೆ ಯಾವ ಗೇರ್‌ಬಾಕ್ಸೂ ಮದ್ದಲ್ಲ. ಮಳೆಗಾಲದಲ್ಲಿ ಮಾಲು ಅರ್ಧಕ್ಕೆ ಇಳಿಸಿ, ಟೈರಿಗೆ ನೀರು ತುಂಬಿಸಿ.

ಇಳಿಯೋದು ಇನ್ನೂ ಮುಖ್ಯ. ಕೆಳಕ್ಕೆ ಎಳೆಯೋ ಭಾರ 430, ಉರುಳೋ ತಡೆಯನ್ನ ಸುರಕ್ಷತೆಗೆ ಕಮ್ಮಿ, 90 ಮಾತ್ರ ಹಿಡಿದು ಕಳೆದರೆ ಗಾಡಿ ಹಿಡಿಯಬೇಕಾದ್ದು 340. ಬಹಳಷ್ಟು ಮಿನಿ ಟ್ರ್ಯಾಕ್ಟರಲ್ಲಿ ಬ್ರೇಕ್ ಹಿಂಚಕ್ರಕ್ಕೆ ಮಾತ್ರ. ಹಿಂಚಕ್ರದ ಮೇಲೆ ಸುಮಾರು 800 ಕೆ.ಜಿ., ಶೇ. 40 ಹಿಡಿದರೆ 320. ಇಳಿಯುವಾಗ ಭಾರ ಮುಂದಕ್ಕೆ ವಾಲಿ ಇನ್ನೂ ಕಮ್ಮಿ. ಅಂದರೆ ಬ್ರೇಕ್ ಒತ್ತಿದರೂ ಹಿಂಚಕ್ರ ಲಾಕ್ ಆಗಿ ಟ್ರೇಲರ್ ಗಾಡಿಯನ್ನ ತಳ್ಳಿಕೊಂಡು ಹೋಗುತ್ತೆ. ಫೋರ್ ವೀಲ್ ಹಾಕಿದ್ದರೆ ಮುಂಚಕ್ರವೂ ಎಂಜಿನ್ ತಡೆಗೆ ಸೇರಿ ಹಿಡಿತ 480ಕ್ಕೆ ಏರುತ್ತೆ. ಏರಿಗೆ ಮಾತ್ರ ಫೋರ್ ವೀಲ್ ಹಾಕಿ ಇಳಿಯುವಾಗ ತೆಗೆಯೋ ಡ್ರೈವರುಗಳಿಗೆ ಇದನ್ನ ಕೂರಿಸಿ ಹೇಳಬೇಕು.

ಇಳಿಯೋ ಕ್ರಮ: ಇಳಿಜಾರು ಶುರುವಾಗೋ ಮುಂಚೆ ಗಾಡಿ ನಿಲ್ಲಿಸಿ. ಅದೇ ಏರನ್ನ ಹತ್ತೋಕೆ ಯಾವ ಗೇರ್ ಬೇಕೋ ಅದೇ ಗೇರ್ ಹಾಕಿ, ಫೋರ್ ವೀಲ್ ಹಾಕಿ. ಎಡ-ಬಲ ಬ್ರೇಕ್ ಪೆಡಲ್ ಎರಡನ್ನೂ ಲಾಕ್ ಪಟ್ಟಿಯಿಂದ ಸೇರಿಸಿ. ಕ್ಲಚ್ ಮೇಲಿಂದ ಕಾಲು ತೆಗೆದು ಎಂಜಿನ್ ಹಿಡಿತದಲ್ಲೇ ಇಳೀರಿ. ಡೀಸೆಲ್ ಉಳಿಸೋಕೆ ನ್ಯೂಟ್ರಲ್ ಮಾಡೋದು, ನಡುವೆ ಗೇರ್ ಬದಲಾಯಿಸೋಕೆ ಹೋಗೋದು ಸುತರಾಂ ಕೂಡದು. ಸಿಂಕ್ರೋ ಇಲ್ಲದ ಗಾಡಿಯಲ್ಲಿ ಒಮ್ಮೆ ಗೇರ್ ಹೊರಗೆ ಬಂದರೆ ಉರುಳುವ ಗಾಡಿಗೆ ಮತ್ತೆ ಗೇರ್ ಕೂರಲ್ಲ.

ಬೇಲೂರು_ಆಟೋಸ್ಪೇರ್

ಘಾಟಿಯವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಇಳಿಜಾರಲ್ಲಿ ಗೇರ್ ತಾನಾಗೇ ಹಾರುತ್ತೆ ಅಂತ ಬರುವ ಗಾಡಿಗಳು ಬಹಳ. ಹೆಚ್ಚಿನವು ಸ್ಲೈಡಿಂಗ್ ಮೆಶ್. ಸಮತಟ್ಟಿನಲ್ಲಿ ಎಂಜಿನ್ ಚಕ್ರವನ್ನ ಎಳೆಯುತ್ತೆ, ಇಳಿಜಾರಲ್ಲಿ ಚಕ್ರ ಎಂಜಿನ್ನನ್ನ ಎಳೆಯುತ್ತೆ. ಹಲ್ಲಿನ ಇನ್ನೊಂದು ಮುಖಕ್ಕೆ ಭಾರ ಬೀಳುತ್ತೆ. ಹಲ್ಲಿನ ತುದಿ ಉರುಟಾಗಿದ್ದರೆ ಆ ಭಾರವೇ ಚಕ್ರವನ್ನ ಪಕ್ಕಕ್ಕೆ ತಳ್ಳುತ್ತೆ.

ಬಿಚ್ಚುವ ಮುಂಚೆ ಹೊರಗಿಂದ ನೋಡಿ: ಲಿವರಿನ ಬುಡದ ಬುಶ್ ಸವೆದು ಗೇರ್ ಪೂರ್ತಿ ಒಳಗೆ ಕೂರ್ತಿಲ್ಲವಾ? ಆಮೇಲೆ ಮೇಲಿನ ಕವರ್ ತೆಗೆದು ಶಿಫ್ಟರ್ ರಾಡಿನ ಬಾಲ್ ಮತ್ತು ಸ್ಪ್ರಿಂಗ್ ನೋಡಿ. ಸ್ಪ್ರಿಂಗ್ ಸೋತಿರಬಹುದು, ರಾಡಿನ ಮೇಲೆ ಬಾಲ್ ಕೂರೋ ಕಚ್ಚು ಅಗಲ ಆಗಿರಬಹುದು. ಸ್ಪ್ರಿಂಗ್-ಬಾಲ್ ಸಣ್ಣ ಖರ್ಚು, ಅಷ್ಟರಲ್ಲೇ ಸರಿಹೋದರೆ ಪುಣ್ಯ. ಅಲ್ಲೂ ಸರಿ ಇದ್ದರೆ ಶಿಫ್ಟರ್ ಫೋರ್ಕಿನ ತುದಿ ಸವೆತ. ಕೊನೆಗೆ ಚಕ್ರದ ಹಲ್ಲು. ಹಲ್ಲು ಉರುಟಾಗಿದ್ದರೆ ಒಂದೇ ಚಕ್ರ ಬದಲಾಯಿಸಬೇಡಿ, ಅದರ ಜೋಡಿಯನ್ನೂ ಹಾಕಿಸಿ. ಹಳೆ ಹಲ್ಲಿನ ಜೊತೆ ಹೊಸದು ಹೊಂದೋದಿಲ್ಲ, ಕೂಗುತ್ತೆ.

ಹಳೆ ಗಾಡಿ ನೋಡೋಕೆ ಹೋದವರು ಸಮತಟ್ಟಿನಲ್ಲಿ ಓಡಿಸಿ ಒಪ್ಪಿಕೊಳ್ಳಬೇಡಿ. ಇಳಿಜಾರಲ್ಲಿ ಪ್ರತಿ ಗೇರಲ್ಲೂ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಇಳಿಸಿ, ಲಿವರಿನ ಮೇಲೆ ಬೆರಳು ಮುಟ್ಟಿಸಿಕೊಂಡಿರಿ. ಲಿವರ್ ತರತರ ನಡುಗಿ ಹಿಂದೆ ಸರಿಯೋಕೆ ನೋಡಿದರೆ ಆ ಗೇರಿನ ಆಯುಸ್ಸು ಮುಗಿದಿದೆ ಅಂತ ಅರ್ಥ.

ಕಡೂರು_ತೆಂಗು

ಇಳಿಜಾರಿನ ಲೆಕ್ಕ ನೋಡಿದ ಮೇಲೆ ಆಲೂರಿನವರಿಗೆ ಸ್ಲೈಡಿಂಗ್ ಮೆಶ್ ಹೇಳೋಕೆ ನನಗೂ ಮನಸ್ಸಿಲ್ಲ. ಕಾನ್‌ಸ್ಟಂಟ್ ಮೆಶ್ ತಗೊಳ್ಳಿ. ಬಯಲಿನವರಿಗೆ ನನ್ನ ಮಾತು ಹಾಗೇ ಇರಲಿ.

ಆಲೂರು_ಶುಂಠಿಹೊಲ

ಎಲ್ಲರಿಗೂ ಧನ್ಯವಾದ. ಕಾನ್‌ಸ್ಟಂಟ್ ಮೆಶ್, ಸಿಂಕ್ರೋ ಶಟಲ್ ಕಡೆಗೇ ಮನಸ್ಸು ಬಂದಿದೆ. ಎರಡು ಪ್ರಶ್ನೆ ಉಳಿದಿದೆ. ಡೆಮೊದಲ್ಲಿ ಶಟಲ್ ಹೇಗೆ ಪರೀಕ್ಷೆ ಮಾಡೋದು? ನಮ್ಮ ಮಳೆಗೆ ಗೇರ್‌ಬಾಕ್ಸ್, ಕ್ಲಚ್ ಕಾಪಾಡೋದು ಹೇಗೆ?

ಟಾಪ್‌ಗೇರ್_ಹಾಸನ

ಶಟಲ್ ಪರೀಕ್ಷೆ: ಆಯಿಲ್ ಬಿಸಿಯಾಗುವವರೆಗೆ ಗಾಡಿ ಓಡಿಸಿ. ಸಮತಟ್ಟಿನಲ್ಲಿ ನಡಿಗೆ ವೇಗದಲ್ಲಿ ಮುಂದೆ ಹೋಗಿ, ಕ್ಲಚ್ ಪೂರ್ತಿ ಒತ್ತಿ, ಗಾಡಿ ನಿಲ್ಲೋ ಹಂತಕ್ಕೆ ಬಂದಾಗ ಲಿವರ್ ರಿವರ್ಸಿಗೆ ಹಾಕಿ. ಸದ್ದಿಲ್ಲದೆ, ಬೆರಳ ಬಲದಲ್ಲೇ ಕೂರಬೇಕು. ಸಿಂಕ್ರೋ ಇದೆ ಅಂತ ಓಡೋ ಗಾಡಿಯಲ್ಲಿ ದಿಕ್ಕು ತಿರುಗಿಸಬಾರದು. ಆ ಕೋನ್ ರಿಂಗು ಸಣ್ಣ ವೇಗದ ವ್ಯತ್ಯಾಸ ತೆಗೆಯೋಕೆ ಇರೋದು, ಇಡೀ ಗಾಡಿ ನಿಲ್ಲಿಸೋಕಲ್ಲ. ಅದನ್ನ ಬ್ರೇಕ್ ಹಾಗೆ ಬಳಸಿದರೆ ಬೇಗ ಸವೆದು, ಆಮೇಲೆ ಸಾದಾ ಗೇರಿಗಿಂತ ಜೋರಾಗಿ ಕರಕರ ಅನ್ನುತ್ತೆ. ಪವರ್ ಶಟಲ್ ಬೇರೆ. ಅದರಲ್ಲಿ ಆಯಿಲೊಳಗೆ ಮುಳುಗಿದ ಪ್ಲೇಟ್ ಕ್ಲಚ್ಚುಗಳು ಆ ಕೆಲಸ ಮಾಡುತ್ತವೆ, ಕಾಲಲ್ಲಿ ಕ್ಲಚ್ ಒತ್ತೋದೇ ಬೇಡ. ಡೀಲರ್ ಬರೀ ಶಟಲ್ ಅಂದರೆ ಯಾವುದು ಅಂತ ಬಿಡಿಸಿ ಕೇಳಿ.

ನಂತರ ಖಾಲಿ ಟ್ರೇಲರ್ ಕಟ್ಟಿ ನಿಮ್ಮ ರಸ್ತೆಯ ಅತಿ ಕಡಿದಾದ ಜಾಗದಲ್ಲೇ ನಿಲ್ಲಿಸಿ ಮತ್ತೆ ಹೊರಡಿ. ಹಾಫ್ ಕ್ಲಚ್‌ನಲ್ಲಿ ಹೆಚ್ಚು ಹೊತ್ತು ಹಿಡಿಯದೆ ಹೊರಡೋಕೆ ಆಗದಿದ್ದರೆ ಕೆಳಗಿನ ಗೇರ್ ಸಾಲದು ಅಂತ ಅರ್ಥ.

ಕ್ಲಚ್: ಪೆಡಲ್ ಮೊದಲ 20ರಿಂದ 30 ಮಿ.ಮೀ. ಸಡಿಲ ಇರಬೇಕು, ನಿಖರ ಅಳತೆ ಕೈಪಿಡಿಯಲ್ಲಿ ಇರುತ್ತೆ. ಸಡಿಲ ಇಲ್ಲದಿದ್ದರೆ ರಿಲೀಸ್ ಬೇರಿಂಗ್ ಸದಾ ಉಜ್ಜುತ್ತೆ, ಪ್ಲೇಟ್ ಜಾರಿ ಸುಡುತ್ತೆ. ಸಡಿಲ ಜಾಸ್ತಿ ಆದರೆ ಕ್ಲಚ್ ಪೂರ್ತಿ ಬಿಡಿಸಲ್ಲ, ಗೇರ್ ಕಿರುಚುತ್ತೆ. ಗೇರ್ ಕೂರ್ತಿಲ್ಲ ಅಂತ ಗೇರ್‌ಬಾಕ್ಸ್ ಬಿಚ್ಚೋ ಮುಂಚೆ ಇದನ್ನೇ ಅಳೆಯಿರಿ. ಕ್ಲಚ್ ಪ್ಲೇಟ್ ಹಾಕಬೇಕು ಅಂದರೆ ಗಾಡಿಯನ್ನ ನಡುವೆ ಎರಡು ಭಾಗ ಮಾಡಬೇಕು. ಹಾಗೆ ಬಿಚ್ಚಿದಾಗ ರಿಲೀಸ್ ಬೇರಿಂಗು, ಎಂಜಿನ್ ಹಿಂದಿನ ಆಯಿಲ್ ಸೀಲು, ಗೇರ್‌ಬಾಕ್ಸ್ ಇನ್‌ಪುಟ್ ಸೀಲು ಮೂರನ್ನೂ ಒಟ್ಟಿಗೇ ಬದಲಾಯಿಸಿ. ಒಂದು ಸೀಲ್ ಸೋರಿದರೆ ಹೊಸ ಪ್ಲೇಟಿಗೆ ಆಯಿಲ್ ತಗುಲಿ ಮತ್ತೆ ಗಾಡಿ ಬಿಚ್ಚೋ ಪರಿಸ್ಥಿತಿ.

ಮಳೆಗಾಲದಲ್ಲಿ ಗಾಡಿ ವಾರಗಟ್ಟಲೆ ಶೆಡ್ಡಲ್ಲಿ ನಿಂತರೆ ತೇವಕ್ಕೆ ಕ್ಲಚ್ ಪ್ಲೇಟ್ ಫ್ಲೈವೀಲಿಗೆ ತುಕ್ಕಿನಿಂದ ಅಂಟಿಕೊಳ್ಳುತ್ತೆ. ಪೆಡಲ್ ಒತ್ತಿ ಕೊಕ್ಕೆ ಅಥವಾ ಮರದ ತುಂಡಿಂದ ಒತ್ತಿದಂತೆಯೇ ನಿಲ್ಲಿಸಿಡಿ. ಕ್ಲಚ್ ಹೌಸಿಂಗಿನ ತಳದಲ್ಲಿ ಸಣ್ಣ ಡ್ರೈನ್ ತೂತು ಇರುತ್ತೆ. ಗದ್ದೆಗೆ ಇಳಿಸುವಾಗ ಪ್ಲಗ್ ಹಾಕಿದ್ದರೆ, ಕೆಲಸ ಮುಗಿದ ಮೇಲೆ ತೆಗೆದು ಒಳಗಿನ ನೀರು ಹೋಗಲು ಬಿಡಿ.

ಕೊಪ್ಪ_ಅಡಿಕೆ

ಆಯಿಲ್ ಯಾವುದು ಹಾಕಬೇಕು ಅಂತಾನೂ ಹೇಳಿಬಿಡಿ ಸರ್. ಅಂಗಡಿಯವರು ಎಲ್ಲದಕ್ಕೂ 90 ನಂಬರ್ ಕೊಡ್ತಾರೆ.

ಬೇಲೂರು_ಆಟೋಸ್ಪೇರ್

90 ನಂಬರ್ ಹಳೆ ಒಣ ಬ್ರೇಕಿನ, ಗೇರಿಗೂ ಲಿಫ್ಟಿಗೂ ಬೇರೆ ಬೇರೆ ಆಯಿಲ್ ಇರೋ ಗಾಡಿಗಳಿಗೆ. ಈಗಿನ ಬಹಳಷ್ಟು ಮಿನಿ ಟ್ರ್ಯಾಕ್ಟರಲ್ಲಿ ಗೇರು, ಲಿಫ್ಟು, ಆಯಿಲ್ ಬ್ರೇಕು ಮೂರಕ್ಕೂ ಒಂದೇ ಆಯಿಲ್. ಅದಕ್ಕೆ ಯುಟಿಟಿಒ ಅನ್ನೋ ಆಯಿಲೇ ಹಾಕಬೇಕು. 90 ಹಾಕಿದರೆ ಬ್ರೇಕ್ ಕಿರುಚುತ್ತೆ, ದಪ್ಪ ಆಯಿಲನ್ನ ಪಂಪ್ ಎಳೆಯೋಕೆ ಒದ್ದಾಡಿ ಬೆಳಿಗ್ಗೆ ಲಿಫ್ಟ್ ನಿಧಾನ ಆಗುತ್ತೆ. ಎಚ್‌ಎಸ್‌ಟಿ ಗಾಡಿಗೆ ಕಂಪನಿ ಹೇಳಿದ ಆಯಿಲ್ ಬಿಟ್ಟು ಬೇರೆ ಹನಿಯೂ ಬೇಡ.

ಹೊಸ ಗಾಡಿಯ ಮೊದಲ ಸರ್ವೀಸ್ ತಪ್ಪಿಸಬೇಡಿ. ಸಾಮಾನ್ಯವಾಗಿ 50 ಗಂಟೆ ಸುಮಾರಿಗೆ ಬರುತ್ತೆ. ಹೊಸ ಹಲ್ಲುಗಳು ಹೊಂದಿಕೊಳ್ಳುವಾಗ ಉದುರಿದ ಲೋಹದ ಪುಡಿ ಫಿಲ್ಟರಲ್ಲಿ ಕೂತಿರುತ್ತೆ. ಡ್ರೈನ್ ಪ್ಲಗ್ಗಿಗೆ ಮ್ಯಾಗ್ನೆಟ್ ಇದ್ದರೆ ಒರೆಸಿ ನೋಡಿ. ನಯವಾದ ಬೂದು ಪುಡಿ ಇದ್ದರೆ ಚಿಂತೆ ಇಲ್ಲ, ಚೂರು ಸಿಕ್ಕಿದರೆ ಸರ್ವೀಸಿನವರ ಮುಂದೆಯೇ ಫೋಟೋ ತೆಗೆದು ಜಾಬ್ ಕಾರ್ಡಿಗೆ ಬರೆಸಿ. ಆಯಿಲ್ ಹಾಲು ಬೆರೆಸಿದ ಹಾಗೆ ಕಂಡರೆ ನೀರು ಸೇರಿದೆ. ಗೇರ್ ಲಿವರಿನ ಬುಡದ ರಬ್ಬರ್ ಬೂಟ್ ಹರಿದಿದೆಯಾ, ಬ್ರೀದರ್ ಮುಚ್ಚಳ ಬಿದ್ದಿದೆಯಾ ಅಂತ ಮೊದಲು ನೋಡಿ. ಮಳೆಯಲ್ಲಿ ಬಯಲಲ್ಲಿ ನಿಲ್ಲಿಸಿದ ಗಾಡಿಗೆ ನೀರು ಇಳಿಯೋದು ಹೆಚ್ಚಾಗಿ ಅಲ್ಲಿಂದಲೇ.

ಘಾಟಿ_ಸಕಲೇಶಪುರ

ಆಲೂರಿನವರೇ, ಬುಕ್ ಮಾಡೋ ಮುಂಚೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ), ಪಹಣಿ ಹಿಡಿದು ಹೋಗಿ. ಸಹಾಯಧನದ ಪಟ್ಟಿಯಲ್ಲಿ ನೀವು ಆರಿಸಿದ ಮಾಡೆಲ್ ಇದೆಯಾ ಕೇಳಿ. ಮಾಡೆಲ್ ಹೆಸರು ಒಂದೇ ಇದ್ದು ಕ್ಲಚ್ ಸಿಂಗಲ್, ಡಬಲ್ ಅಂತ ಬೇರೆ ಬೇರೆ ಇರಬಹುದು. ಕೊಟೇಶನ್ನಿನಲ್ಲಿ ಗೇರ್‌ಬಾಕ್ಸ್, ಕ್ಲಚ್, ಪಿಟಿಒ ಮೂರನ್ನೂ ಬಿಡಿಸಿ ಬರೆಸಿಕೊಳ್ಳಿ. ಗಾಡಿ ಮನೆಗೆ ಬಂದ ದಿನ ಪೆಡಲ್ ಅರ್ಧ ಒತ್ತಿ, ಗಾಡಿ ನಿಂತು ಪಿಟಿಒ ತಿರುಗುತ್ತಾ ಅಂತ ನೋಡಿ. ಪಿಟಿಒಗೆ ಬೇರೆ ಸ್ವಿಚ್ಚೋ ಲಿವರೋ ಇರೋ ಗಾಡಿಯಾದರೆ ಕ್ಲಚ್ ಪೂರ್ತಿ ಒತ್ತಿದಾಗಲೂ ತಿರುಗ್ತಾ ಇರಬೇಕು. ಅದನ್ನ ನೋಡಿದ ಮೇಲೇ ಡೆಲಿವರಿ ಚೀಟಿಗೆ ಸಹಿ ಹಾಕಿ.